ಅಂಟು ಒಣಗಿದರೆ ಸಾಕೇ? ಮನೆಯಲ್ಲೇ ಮಾಡಿದ ಮೀನುತೊಟ್ಟಿ ಉಪಕರಣಗಳು ಮತ್ತು ‘ಸುರಕ್ಷಿತ’ ಎಂಬ ಮಾತು

ಬೆಂಗಳೂರಿನ ಲಾಲ್‌ಬಾಗಿಗೆ ತಾಗಿಕೊಂಡಿರುವ ಸಿದ್ದಾಪುರ ಸಸ್ಯ ನರ್ಸರಿಗಳಿಗೆ ಹೆಸರಾದ ಬಡಾವಣೆ. ಗಿಡ, ಕುಂಡ, ಉರುಟುಕಲ್ಲುಗಳನ್ನು ಕೊಳ್ಳಲು ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಂದ ಜನ ಇಲ್ಲಿಗೆ ಬರುತ್ತಾರೆ. ಗಿಡವೂ ಕಲ್ಲೂ ಮನೆ ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ಅವುಗಳ ಬೆನ್ನಿಗೇ ಒಂದು ಮೀನುತೊಟ್ಟಿಯೂ ಬರುತ್ತದೆ. ತೊಟ್ಟಿ ಬಂದರೆ ನೀರು ಸೋಸುವ ಪೆಟ್ಟಿಗೆ ಬೇಕು, ಮರಿಗಳನ್ನು ಬೇರೆ ಇಡುವ ಪುಟ್ಟ ಡಬ್ಬಿ ಬೇಕು, ಎಲ್‌ಇಡಿ ದೀಪದ ಮುಚ್ಚಳ ಬೇಕು. ಅಂಗಡಿಯ ಬೆಲೆ ಕೇಳಿದವರಿಗೆ ‘ಇದನ್ನು ನಾವೇ ಮಾಡಬಹುದಲ್ಲ’ ಎನ್ನಿಸುವುದು ಸಹಜ. ಶಾಲಾ ವಿಜ್ಞಾನ ಪ್ರದರ್ಶನಗಳಲ್ಲೂ ಇಂತಹ ಮಾದರಿಗಳಿಗೆ ಕೊರತೆಯಿಲ್ಲ. ಇದು ಪ್ರೋತ್ಸಾಹಿಸಬೇಕಾದ ಹವ್ಯಾಸವೇ.

ಗಾಜು, ಅಕ್ರಿಲಿಕ್ ಹಾಳೆ, ಪಿವಿಸಿ ಕೊಳವೆಗಳನ್ನು ಒಂದುಗೂಡಿಸುವುದು ಅಂಟು. ಯಾವ ಅಂಟು ಮೀನಿಗೆ ಸುರಕ್ಷಿತ? ಈ ಪ್ರಶ್ನೆಗೆ ಉತ್ತರವಾಗಿ ಬಾಯಿಂದ ಬಾಯಿಗೆ ಹರಿದುಬಂದ ನಾಲ್ಕು ಸೂತ್ರಗಳಿವೆ. ಅಂಟು ಒಣಗಿದರೆ ಸಾಕು ಎಂಬುದು ಮೊದಲನೆಯದು. ವಿನಿಗರ್ ವಾಸನೆಯ ಸಿಲಿಕೋನ್ ಆದರೆ ಒಳ್ಳೆಯದು ಎಂಬುದು ಎರಡನೆಯದು. ನೀರಿನಲ್ಲಿ ಕರಗದಿದ್ದರೆ ಅಪಾಯವಿಲ್ಲ ಎಂಬುದು ಮೂರನೆಯದು. ಮನುಷ್ಯರಿಗೆ ಸುರಕ್ಷಿತವಾದದ್ದು ಮೀನಿಗೂ ಸುರಕ್ಷಿತ ಎಂಬುದು ನಾಲ್ಕನೆಯದು. ಒಂದೊಂದರಲ್ಲೂ ಒಂದಿಷ್ಟು ಸತ್ಯವಿದೆ. ಆದ್ದರಿಂದಲೇ ಅವು ಉಳಿದುಕೊಂಡಿವೆ. ಆದರೆ ಸುರಕ್ಷತೆ ಎಂಬುದು ಕೊಳವೆಯ ಮೇಲೆ ಮುದ್ರಿಸಿದ ಹೆಸರಿನ ಗುಣವಲ್ಲ. ಅಂಟಿನ ರಸಾಯನ, ಪದರದ ಅಗಲ, ಕಾದ ದಿನಗಳು, ನೀರಿನ ಪ್ರಮಾಣ ಮತ್ತು ಅದರ ಗುಣ ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಈ ನಾಲ್ಕು ಸೂತ್ರಗಳನ್ನು ಆ ದೃಷ್ಟಿಯಿಂದ ಪರಿಶೀಲಿಸೋಣ.

ಸೂತ್ರ 1: ‘ಒಣಗಿದರೆ ಸಾಕು’

ಮೊದಲ ತೊಡಕು ‘ಒಣಗುವುದು’ ಎಂಬ ಪದದಲ್ಲೇ ಇದೆ. ಮನೆ ಕಟ್ಟುವವರನ್ನು ಕೇಳಿ ನೋಡಿ. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ; ನೀರಿನೊಂದಿಗೆ ವರ್ತಿಸಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಅದಕ್ಕೆ ದಿನಗಟ್ಟಲೆ ನೀರುಣಿಸಿ ‘ಕ್ಯೂರಿಂಗ್’ ಮಾಡುತ್ತಾರೆ. ಸಿಲಿಕೋನ್ ಅಂಟಿನ ಕತೆಯೂ ಹೀಗೆಯೇ. ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳು ಸರದಿಯಾಗಿ ಸೇರಿದ ಉದ್ದ ಸರಪಳಿಗಳು ಕೊಳವೆಯೊಳಗೆ ಬಿಡಿಬಿಡಿಯಾಗಿರುತ್ತವೆ. ಅಂಟನ್ನು ಹೊರಗೆ ಹಿಂಡಿದಾಗ ಗಾಳಿಯ ನೀರಾವಿ ಒಳಹೊಕ್ಕು, ಅಡ್ಡಕೊಂಡಿಗಳನ್ನು ಹಾಕುವ ರಾಸಾಯನಿಕ ಕ್ರಿಯೆಯನ್ನು ಆರಂಭಿಸುತ್ತದೆ. ಸರಪಳಿಗಳು ಬಲೆಯಂತೆ ಹೆಣೆದುಕೊಂಡು ರಬ್ಬರಿನ ರೂಪ ತಾಳುತ್ತವೆ. ಅಂದರೆ ಈ ಅಂಟಿಗೆ ಬೇಕಾದದ್ದು ತೇವ. ಬೇಗ ಒಣಗಲೆಂದು ಬಿಸಿಲಿಗಿಡುವವರು ನೆನಪಿಡಬೇಕು: ಬಿಸಿಲು ಗಾಳಿಗೆ ನೀರಾವಿಯನ್ನು ಸೇರಿಸುವುದಿಲ್ಲ.

ಇಲ್ಲಿ ಭೌತಶಾಸ್ತ್ರದ ಒಂದು ಸರಳ ನಿಯಮ ಕೆಲಸ ಮಾಡುತ್ತದೆ. ಮೇಲ್ಪದರ ಗಟ್ಟಿಯಾದ ಮೇಲೆ ಒಳಗಿನ ಅಂಟಿಗೆ ನೀರಾವಿ ತಲುಪಬೇಕಾದರೆ ಆ ಗಟ್ಟಿಪದರದ ಮೂಲಕವೇ ವಿಸರಣಗೊಳ್ಳಬೇಕು. ಪದರ ದಪ್ಪವಾದಷ್ಟೂ ಒಳಹರಿವು ಕಡಿಮೆ. ಹರಿವು ದಪ್ಪಕ್ಕೆ ವಿಲೋಮವಾಗಿರುವುದರಿಂದ ಗಟ್ಟಿಪದರದ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಶೀತದೇಶಗಳ ಸರೋವರದ ಮೇಲೆ ಹಿಮಪದರ ಬೆಳೆಯುವ ಬಗೆಯನ್ನು ವಿವರಿಸುವಾಗ 19ನೇ ಶತಮಾನದ ಕೊನೆಯಲ್ಲಿ ವಿಯೆನ್ನಾದ ಜೋಸೆಫ್ ಸ್ಟೆಫಾನ್ ಪಡೆದದ್ದೂ ಇದೇ ರೂಪದ ನಿಯಮ. ಹಿಮದಲ್ಲಿ ಹರಿಯುವುದು ಉಷ್ಣ, ಇಲ್ಲಿ ನೀರಾವಿ, ಗಣಿತ ಒಂದೇ.

ಸಾಮಾನ್ಯ ಸಿಲಿಕೋನ್ ಸಾಧಾರಣ ಉಷ್ಣತೆ ಮತ್ತು ತೇವದಲ್ಲಿ ಮೊದಲ 24 ಗಂಟೆಗಳಲ್ಲಿ 2ರಿಂದ 3 ಮಿ.ಮೀ. ಆಳದವರೆಗೆ ಗಟ್ಟಿಯಾಗುತ್ತದೆ. 3 ಮಿ.ಮೀ. ಎಂದೇ ಇಟ್ಟುಕೊಳ್ಳೋಣ. ಆಗ 6 ಮಿ.ಮೀ. ಆಳಕ್ಕೆ 2 ದಿನವಲ್ಲ, 4 ದಿನ ಬೇಕು, 9 ಮಿ.ಮೀ.ಗೆ 9 ದಿನ. ಈಗ ಹವ್ಯಾಸಿಯೊಬ್ಬರು ಪೆಟ್ಟಿಗೆಯನ್ನು ಬಲಪಡಿಸಲು 5 ಸೆಂ.ಮೀ. ಅಗಲದ ಗಾಜಿನ ಪಟ್ಟಿಯೊಂದನ್ನು ತೊಟ್ಟಿಯ ಗಾಜಿಗೆ ಚಪ್ಪಟೆಯಾಗಿ ಅಂಟಿಸಿದ್ದಾರೆ ಎಂದುಕೊಳ್ಳಿ. ಗಾಜಿನ ಮೂಲಕ ನೀರಾವಿ ಹೋಗದು. ಎರಡು ಅಂಚುಗಳಿಂದಷ್ಟೇ ಹೋಗಬೇಕು. ನಡುಭಾಗಕ್ಕೆ ದೂರ 25 ಮಿ.ಮೀ. 25ನ್ನು 3ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 69 ದಿನ! ಅಂಚನ್ನು ಬೆರಳಿನಿಂದ ಮುಟ್ಟಿ ‘ಒಣಗಿದೆ’ ಎಂದವರು ನೋಡಿದ್ದು ಮೊದಲ ಗಂಟೆಯಲ್ಲೇ ಕಟ್ಟಿದ ಕೆನೆಯನ್ನು ಮಾತ್ರ. ‘24 ಗಂಟೆ ಕಾಯಿರಿ’ ಎಂಬ ಸಲಹೆ ತೆಳುವಾದ ಕೂಡುಗೆರೆಗೆ ಸರಿ. ಅಗಲವಾದ ಕೂಡಿಕೆಗೆ ಅದು ಅನ್ವಯಿಸುವುದಿಲ್ಲ.

ಸೂತ್ರ 2: ‘ವಿನಿಗರ್ ವಾಸನೆ ಬಂದರೆ ಒಳ್ಳೆಯದು’

ಸಿಲಿಕೋನ್ ಗಟ್ಟಿಯಾಗುವಾಗ ಒಂದು ಸಣ್ಣ ಅಣು ಹೊರಬೀಳುತ್ತದೆ. ಅಸಿಟಾಕ್ಸಿ ಬಗೆಯಲ್ಲಿ ಅದು ಅಸಿಟಿಕ್ ಆಮ್ಲ. ವಿನಿಗರ್ ವಾಸನೆಗೆ ಕಾರಣ ಇದೇ. ಆಕ್ಸೈಮ್ ಬಗೆಯಲ್ಲಿ ಮೀಥೈಲ್ ಈಥೈಲ್ ಕೀಟಾಕ್ಸೈಮ್ ಬರುತ್ತದೆ. ಇದನ್ನು ಯುರೋಪಿನ ನಿಯಮಗಳು ಕ್ಯಾನ್ಸರ್‌ಕಾರಕಗಳ 1ಬಿ ವರ್ಗದಲ್ಲಿ ಇರಿಸಿವೆ. ಆಲ್ಕಾಕ್ಸಿ ಬಗೆಯಲ್ಲಿ ಬರುವುದು ಮೆಥನಾಲ್ ಅಥವಾ ಎಥನಾಲ್. ಮೂರರಲ್ಲಿ ಅಸಿಟಿಕ್ ಆಮ್ಲವೇ ತೊಟ್ಟಿಗೆ ಹೆಚ್ಚು ಸಹ್ಯ. ನೀರಿನ ಬ್ಯಾಕ್ಟೀರಿಯಗಳು ಅದನ್ನು ಬೇಗನೆ ವಿಘಟಿಸುತ್ತವೆ. ಸೂತ್ರದಲ್ಲಿರುವ ಸತ್ಯ ಇಷ್ಟು.

ಆದರೆ ಮೂಗು ತಿಳಿಸುವುದು ಗಟ್ಟಿಯಾಗುವ ಬಗೆಯನ್ನು ಮಾತ್ರ, ಅಂಟಿಗೆ ಬೆರೆಸಿರುವ ಇತರ ವಸ್ತುಗಳನ್ನಲ್ಲ. ಸ್ನಾನದ ಮನೆಗೆಂದು ಮಾರುವ ಸಿಲಿಕೋನ್‌ಗಳಲ್ಲಿ ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕ ಸೇರಿಸಿರುತ್ತಾರೆ. ಇವುಗಳಲ್ಲೂ ವಿನಿಗರ್ ವಾಸನೆಯವು ಇವೆ. ಡಿಸಿಒಐಟಿ ಎಂದು ಸಂಕ್ಷಿಪ್ತವಾಗಿ ಕರೆಯುವ ಐಸೋಥಯಾಜೊಲಿನೋನ್ ವರ್ಗದ ನಾಶಕ ಇದಕ್ಕೆ ಬಳಕೆಯಾಗುವ ವಸ್ತುಗಳಲ್ಲೊಂದು. ಹಡಗುಗಳ ತಳಕ್ಕೆ ಜಲಜೀವಿಗಳು ಅಂಟದಂತೆ ಬಳಿಯುವ ಬಣ್ಣದಲ್ಲೂ ಇದೇ ವಸ್ತು ಇರುತ್ತದೆ. ಜಲಜೀವಿಗಳನ್ನು ದೂರವಿಡಲೆಂದೇ ಆಯ್ದ ವಸ್ತುವನ್ನು ಮೀನುತೊಟ್ಟಿಯ ಒಳಗೆ ಬಳಿಯುವುದು ಸರಿಯೇ? ಕೊಳವೆಯ ಮೇಲೆ ‘ಬೂಷ್ಟು ನಿರೋಧಕ’ ಎಂಬ ಅರ್ಥದ ಮಾತು ಎಲ್ಲಿ ಕಂಡರೂ, ವಾಸನೆ ಯಾವುದೇ ಇರಲಿ, ಅದನ್ನು ತೊಟ್ಟಿಯ ಕೆಲಸಕ್ಕೆ ಬಳಸಬಾರದು.

ಇನ್ನೊಂದು ಸಂದರ್ಭದಲ್ಲಿ ಈ ಸೂತ್ರ ತಲೆಕೆಳಗಾಗುತ್ತದೆ. ಮನೆಯಲ್ಲೇ ಮಾಡಿದ ದೀಪದ ಅಥವಾ ಪುಟ್ಟ ಪಂಪಿನ ತಂತಿಯ ಬೆಸುಗೆಯನ್ನು ವಿನಿಗರ್ ವಾಸನೆಯ ಸಿಲಿಕೋನ್‌ನಿಂದ ಮುಚ್ಚುತ್ತಾರೆ. ಹೊರಬರುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ತಾಮ್ರದ ಅಸಿಟೇಟ್ ಉಂಟಾಗುತ್ತದೆ, ಅದು ನೀರಿನಲ್ಲಿ ಕರಗುತ್ತದೆ. ಕರಗಿದ ತಾಮ್ರ ಮೀನಿಗೆ ವಿಷ, ಸಿಗಡಿ ಮತ್ತು ಬಸವನಹುಳುಗಳಿಗೆ ಇನ್ನೂ ಹೆಚ್ಚಿನ ವಿಷ. ವಿದ್ಯುನ್ಮಾನ ಉಪಕರಣಗಳಿಗೆ ಆಮ್ಲ ಬಿಡದ ಬಗೆಯನ್ನೇ ಬಳಸುವುದು ಇದೇ ಕಾರಣಕ್ಕೆ. ಗಾಜಿಗೆ ಒಪ್ಪುವ ಅಂಟು ತಂತಿಗೆ ಒಪ್ಪುವುದಿಲ್ಲ. ಬೆಸುಗೆಯನ್ನು ನೀರಿನಿಂದ ಹೊರಗೇ ಇಡುವಂತೆ ಉಪಕರಣವನ್ನು ಯೋಜಿಸುವುದು ಎಲ್ಲಕ್ಕಿಂತ ಉತ್ತಮ.

ಆಮ್ಲ ಸಹ್ಯವೆಂದರೂ ಎಷ್ಟು ಸಹ್ಯ? ಒಂದು ಲೆಕ್ಕ ಹಾಕೋಣ. 100 ಗ್ರಾಂ ಸಿಲಿಕೋನ್‌ನಲ್ಲಿ ಅಡ್ಡಕೊಂಡಿ ಹಾಕುವ ಮೀಥೈಲ್ ಟ್ರೈಅಸಿಟಾಕ್ಸಿಸಿಲೇನ್ 5 ಗ್ರಾಂ ಇದೆ ಎಂದು ಭಾವಿಸೋಣ. ಇದರ ಅಣುತೂಕ 220. ಒಂದೊಂದು ಅಣುವೂ ಮೂರು ಅಸಿಟಿಕ್ ಆಮ್ಲದ ಅಣುಗಳನ್ನು ಬಿಡುವುದರಿಂದ ಒಟ್ಟು ಆಮ್ಲ ಸುಮಾರು 4.1 ಗ್ರಾಂ, ಅಂದರೆ 0.068 ಮೋಲ್. ಅವಸರದಲ್ಲಿ ನೀರು ತುಂಬಿದ್ದರಿಂದ ಇದರಲ್ಲಿ ಹತ್ತನೇ ಒಂದು ಭಾಗ ನೀರಿಗೆ ಸೇರಿತು ಎನ್ನೋಣ. ನೀರಿನ ಕ್ಷಾರತೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 100 ಮಿ.ಗ್ರಾಂ ಇದ್ದರೆ, ಒಂದು ಲೀಟರು ಸುಮಾರು 2 ಮಿಲಿಮೋಲ್ ಆಮ್ಲವನ್ನು ತಟಸ್ಥಗೊಳಿಸಬಲ್ಲದು. ತೊಟ್ಟಿ 50 ಲೀಟರಿನದಾದರೆ ಸೇರುವ ಆಮ್ಲ ಲೀಟರಿಗೆ 0.14 ಮಿಲಿಮೋಲ್ ಮಾತ್ರ. ಮೀನಿಗೆ ಗೊತ್ತೂ ಆಗದು. ಅದೇ ಅಂಟು 5 ಲೀಟರಿನ ಮರಿ ಡಬ್ಬಿಯಲ್ಲಿದ್ದರೆ ಲೀಟರಿಗೆ 1.4 ಮಿಲಿಮೋಲ್, ಕ್ಷಾರತೆಯ ಮೂರನೇ ಎರಡು ಭಾಗ ಮುಗಿಯುತ್ತದೆ, ಪಿಹೆಚ್ ತಾತ್ಕಾಲಿಕವಾಗಿ 6ರ ಆಸುಪಾಸಿಗೆ ಇಳಿಯುತ್ತದೆ. ಇನ್ನು 50 ಲೀಟರಿನ ತೊಟ್ಟಿಯಲ್ಲೇ, ಕ್ಷಾರತೆ ಬಹುಮಟ್ಟಿಗೆ ಇಲ್ಲದ ಆರ್‌ಒ ನೀರು ಅಥವಾ ಮಳೆನೀರು ತುಂಬಿದ್ದರೆ ಪಿಹೆಚ್ ಸುಮಾರು 4.4ಕ್ಕೆ ಕುಸಿಯುತ್ತದೆ. ಅಂಟು ಅದೇ, ಕಾದ ಅವಧಿಯೂ ಅದೇ, ಮೂರು ಫಲಿತಾಂಶಗಳು. ಒಬ್ಬರ ಮನೆಯಲ್ಲಿ ಉಳಿದ ಮೀನು ಇನ್ನೊಬ್ಬರ ಮನೆಯಲ್ಲಿ ಸಾಯುವುದಕ್ಕೆ ಅದೃಷ್ಟವನ್ನು ದೂರಬೇಕಾಗಿಲ್ಲ.

ಸೂತ್ರ 3: ‘ನೀರಿನಲ್ಲಿ ಕರಗದಿದ್ದರೆ ಅಪಾಯವಿಲ್ಲ’

ಸೋರಿಕೆ ಕಂಡೊಡನೆ ನಮ್ಮಲ್ಲಿ ಕೈ ಹೋಗುವುದು ಎಂ-ಸೀಲ್‌ನಂತಹ ಎಪಾಕ್ಸಿ ಮುದ್ದೆಗೆ ಅಥವಾ ಅರಾಲ್ಡೈಟ್‌ನಂತಹ ಎರಡು ಕೊಳವೆಯ ಎಪಾಕ್ಸಿಗೆ. ರಾಳ ಮತ್ತು ಗಟ್ಟಿಕಾರಕ ಎಂಬ ಎರಡು ಭಾಗಗಳು ಒಂದರೊಡನೊಂದು ವರ್ತಿಸಿ ಎಪಾಕ್ಸಿ ಗಟ್ಟಿಯಾಗುತ್ತದೆ. ಗಾಳಿಯ ತೇವ ಇದಕ್ಕೆ ಬೇಕಿಲ್ಲ. ಸಿಲಿಕೋನ್‌ಗೂ ಎಪಾಕ್ಸಿಗೂ ಇರುವ ಮುಖ್ಯ ವ್ಯತ್ಯಾಸವನ್ನು ನಮ್ಮ ಕೈಪಿಡಿಗಳು ಒತ್ತಿ ಹೇಳುವುದಿಲ್ಲ. ಸಿಲಿಕೋನ್‌ನಲ್ಲಿ ಕಾಯುವಿಕೆ ತಪ್ಪನ್ನು ತಿದ್ದುತ್ತದೆ, ಎಪಾಕ್ಸಿಯಲ್ಲಿ ತಿದ್ದುವುದಿಲ್ಲ. ಗಟ್ಟಿಕಾರಕ ಹೆಚ್ಚಾಗಿದ್ದರೆ ಅದರೊಡನೆ ವರ್ತಿಸಲು ರಾಳವೇ ಉಳಿದಿರುವುದಿಲ್ಲ. ಮಿಕ್ಕ ಗಟ್ಟಿಕಾರಕ, ಸಾಮಾನ್ಯವಾಗಿ ಅಮೀನ್ ವರ್ಗದ್ದು, ತಿಂಗಳು ಕಳೆದರೂ ಹಾಗೆಯೇ ಉಳಿದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಮುದ್ದೆಯನ್ನು ಎರಡೂ ಬಣ್ಣಗಳ ಗೆರೆ ಪೂರ್ತಿ ಮಾಯವಾಗುವವರೆಗೆ ನಾದಬೇಕು ಎನ್ನುವುದು ಬಲಕ್ಕಾಗಿ ಮಾತ್ರವಲ್ಲ. ದ್ರವ ಎಪಾಕ್ಸಿಯನ್ನು ಕಣ್ಣಂದಾಜಿನಲ್ಲಿ ಬೆರೆಸದೆ ತಯಾರಕರು ಹೇಳಿದ ಪ್ರಮಾಣದಲ್ಲಿ ಅಳೆದು ಬೆರೆಸಬೇಕು. ಮೇಲ್ಮೈ ಜಿಗುಟಾಗಿಯೇ ಉಳಿದರೆ ಆ ತುಂಡನ್ನು ಎಸೆದು ಮತ್ತೆ ಮಾಡುವುದೊಂದೇ ದಾರಿ.

ಫೆವಿಕ್ವಿಕ್‌ನಂತಹ ಸಯನೊಅಕ್ರಿಲೇಟ್ ಅಂಟನ್ನು ವಿಷವೆಂದು ದೂರ ಇಡುವವರಿದ್ದಾರೆ. ವಾಸ್ತವದಲ್ಲಿ ಕಲ್ಲಿಗೆ ಪಾಚಿಗಿಡವನ್ನು, ಹವಳದ ತುಣುಕನ್ನು ಅಂಟಿಸಲು ಹವ್ಯಾಸಿಗಳು ಲೋಕದಾದ್ಯಂತ ಬಳಸುವುದು ಇದನ್ನೇ. ತೇವ ತಾಗಿದೊಡನೆ ಕ್ಷಣಗಳಲ್ಲಿ ಪಾಲಿಮರ್ ಆಗುತ್ತದೆ, ಬೇಕಾಗುವುದೂ ಕೆಲವು ತೊಟ್ಟು. ಇದರ ದೋಷ ಬೇರೆ ಕಡೆ ಇದೆ: ಗಾಜಿನ ಮೇಲೆ ನೀರಿನೊಳಗೆ ಇದರ ಹಿಡಿತ ಬಹುಕಾಲ ನಿಲ್ಲದು. ಹಾಗೆಯೇ ಫೆವಿಕಾಲ್‌ನಂತಹ ಬಿಳಿ ಅಂಟು ವಿಷವೇನಲ್ಲ, ಆದರೆ ನೀರಿನಲ್ಲಿ ಮೆದುವಾಗಿ ಬಿಟ್ಟುಹೋಗುತ್ತದೆ. ಸಿಲಿಕೋನ್ ಅಕ್ರಿಲಿಕ್ ಹಾಳೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ವಿಷ ಮತ್ತು ಹಿಡಿತ ಎರಡು ಬೇರೆ ಪ್ರಶ್ನೆಗಳು. ಎರಡನ್ನೂ ಬೇರೆಬೇರೆಯಾಗಿಯೇ ಕೇಳಬೇಕು.

‘ಕರಗುವುದಿಲ್ಲ’ ಎಂಬ ಮಾತಿನ ಮಿತಿಯನ್ನು ತೋರಿಸುವ ದೊಡ್ಡ ಉದಾಹರಣೆ ಕಡಲಿನಿಂದ ಬಂದಿದೆ. ಟ್ರೈಬ್ಯುಟೈಲ್ ಟಿನ್ ಸೇರಿಸಿದ ಬಣ್ಣವನ್ನು ದೋಣಿಗಳ ತಳಕ್ಕೆ ಬಳಿಯುತ್ತಿದ್ದರು. ಬಣ್ಣ ಗಟ್ಟಿ, ನೀರಿಗೆ ಇಳಿಯುವ ಅಂಶ ಅತ್ಯಲ್ಪ. ಆದರೂ 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆರ್ಕಷಾನ್ ಕೊಲ್ಲಿಯ ಸಿಂಪಿ ಸಾಕಣೆ ತತ್ತರಿಸಿತು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಕೆಲವು ಬಗೆಯ ಹೆಣ್ಣು ಕಡಲಬಸವನಹುಳುಗಳಲ್ಲಿ ಗಂಡಿನ ಅಂಗ ಬೆಳೆಯುವುದು ಕಂಡುಬಂತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಇದನ್ನು ನಿರ್ಬಂಧಿಸಿತು. 2001ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಸಿಲಿಕೋನ್‌ಗಳಲ್ಲಿ ವೇಗವರ್ಧಕವಾಗಿ ಅತ್ಯಲ್ಪ ಪ್ರಮಾಣದಲ್ಲಿ ಬಳಸುವ ಡೈಬ್ಯುಟೈಲ್ ಟಿನ್ ಇದರಷ್ಟು ಘೋರವಲ್ಲ. ಆದರೂ ಕಣ್ಣಿಗೆ ಕರಗದ್ದು ಕಿವಿರಿಗೆ ಕರಗಬಹುದು ಎಂಬುದು ಇಲ್ಲಿಯ ಪಾಠ.

ಸೂತ್ರ 4: ‘ಮನುಷ್ಯರಿಗೆ ಸುರಕ್ಷಿತವಾದರೆ ಮೀನಿಗೂ’

ಇದನ್ನು ಅಲ್ಲಗಳೆಯಲು ಅಂಟಿನವರೆಗೂ ಹೋಗಬೇಕಾಗಿಲ್ಲ, ನಲ್ಲಿಯ ನೀರು ಸಾಕು. ಭಾರತೀಯ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ, ಕ್ಲೋರಿನ್ ಬೆರೆಸಿ ಶುದ್ಧಗೊಳಿಸಿದ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು. ನಮ್ಮನ್ನು ಕಾಲರಾದಿಂದ ಕಾಪಾಡುವುದು ಅದೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಿಹಿನೀರಿನ ಜೀವಿಗಳ ರಕ್ಷಣೆಗೆ ಹಾಕಿರುವ ಅಲ್ಪಾವಧಿ ಮಿತಿ ಲೀಟರಿಗೆ 0.019 ಮಿ.ಗ್ರಾಂ. ಅಂದರೆ ನಮಗೆ ಕನಿಷ್ಠ ಬೇಕಾದದ್ದು ಮೀನಿಗೆ ಮಿತಿಗಿಂತ ಹತ್ತು ಪಟ್ಟು ಹೆಚ್ಚು! ತಾಮ್ರಕ್ಕೂ ಇದೇ ಮಾತು. ಬೇರೆ ನೀರಿನ ಮೂಲವಿಲ್ಲದಿದ್ದರೆ ಅದೇ ಮಾನಕ ಲೀಟರಿಗೆ 1.5 ಮಿ.ಗ್ರಾಂವರೆಗೆ ತಾಮ್ರವನ್ನು ಒಪ್ಪುತ್ತದೆ. ಆ ನೀರಿನಲ್ಲಿ ಅಲಂಕಾರಿಕ ಸಿಗಡಿ ಬದುಕಲಾರದು.

ಕಾರಣ ಸ್ಪಷ್ಟ. ನಾವು ನೀರನ್ನು ಕುಡಿಯುತ್ತೇವೆ. ಅದು ಜಠರ, ಯಕೃತ್ತುಗಳನ್ನು ದಾಟಿ ಹೋಗುತ್ತದೆ. ಮೀನು ನೀರಿನಲ್ಲೇ ಉಸಿರಾಡುತ್ತದೆ. ಕಿವಿರಿನಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಕೆಲವೇ ಮೈಕ್ರೊಮೀಟರ್ ದಪ್ಪದ ಪೊರೆ. ದಿನದ 24 ಗಂಟೆಯೂ ಅದರ ಮೇಲೆ ನೀರು ಹರಿಯುತ್ತಲೇ ಇರುತ್ತದೆ. ಆಹಾರ ಪೊಟ್ಟಣಗಳ ಪ್ಲಾಸ್ಟಿಕ್‌ನಿಂದ ಒಂದು ಕಿಲೋಗ್ರಾಂ ಆಹಾರಕ್ಕೆ ಒಟ್ಟು 60 ಮಿ.ಗ್ರಾಂವರೆಗೆ ವಸ್ತು ವರ್ಗಾವಣೆಯಾಗುವುದನ್ನು ಭಾರತದ ನಿಯಮ ಒಪ್ಪುತ್ತದೆ. ಆದ್ದರಿಂದ ‘ಆಹಾರ ದರ್ಜೆ’ ಎಂಬ ಮುದ್ರೆ ಒಳ್ಳೆಯ ಸೂಚನೆಯೇ ಹೊರತು ಮೀನಿನ ಪರವಾದ ಪ್ರಮಾಣಪತ್ರವಲ್ಲ.

ಕಾರಣ ಗೊತ್ತಾಗದ ಸಾವು

ಸಿದ್ದಾಪುರದ ಆಸುಪಾಸಿನ ಪ್ರೌಢಶಾಲೆಯೊಂದರ ಪ್ರದರ್ಶನಕ್ಕೆ ಒಮ್ಮೆ ತೀರ್ಪುಗಾರರಲ್ಲೊಬ್ಬನಾಗಿ ಹೋಗಿದ್ದೆ. ಹುಡುಗರು ಅಚ್ಚುಕಟ್ಟಾದ ಸೋಸುಪೆಟ್ಟಿಗೆ ಮಾಡಿದ್ದರು. ಮೂರನೆಯ ದಿನ ನಾಲ್ಕು ಮೀನುಗಳೂ ಸತ್ತಿದ್ದವು. ‘ಕಾವೇರಿ ನೀರಿನ ಕ್ಲೋರಿನ್ ಸಾರ್’ ಎಂದರು ಒಬ್ಬ ಶಿಕ್ಷಕರು. ‘ಹೊಸ ತೊಟ್ಟಿ, ಅಮೋನಿಯ ಏರಿರಬೇಕು’ ಎಂದರು ಇನ್ನೊಬ್ಬರು. ಅಂಟಿನ ಬಗ್ಗೆ ನಾನು ಕೇಳಿದಾಗ ಯಾವ ಅಂಟು, ಯಾವ ದಿನ ಹಚ್ಚಿದ್ದು ಎಂದು ಯಾರಿಗೂ ನೆನಪಿರಲಿಲ್ಲ. ಮೂರು ಊಹೆಗಳಲ್ಲಿ ಯಾವುದಾದರೂ ನಿಜವಿರಬಹುದು. ಮೂರರಲ್ಲೂ ಮೀನು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತದೆ. ಲಕ್ಷಣ ನೋಡಿ ಕಾರಣ ಹೇಳಲಾಗದು. ಅದೇ ನೀರು ತುಂಬಿದ, ಅಂಟಿಲ್ಲದ ಇನ್ನೊಂದು ಜಾಡಿ ಪಕ್ಕದಲ್ಲಿದ್ದಿದ್ದರೆ ಕನಿಷ್ಠ ಅಂಟಿನ ಪ್ರಶ್ನೆಗಾದರೂ ಉತ್ತರ ಸಿಗುತ್ತಿತ್ತು. ನಿಯಂತ್ರಣ ಪ್ರಯೋಗ ಎಂಬ ಪಾಠವನ್ನು ನಾವು ಪ್ರತಿವರ್ಷ ಕಲಿಸುತ್ತೇವೆ. ಅದು ಬೇಕಾಗಿದ್ದ ಕಡೆ ಮಾತ್ರ ಇರಲಿಲ್ಲ. ಆ ಮಾದರಿಗೆ ಬಹುಮಾನ ಬಂತು. ಅಂಕಪಟ್ಟಿಯಲ್ಲಿ ಮೀನಿಗೆ ಜಾಗವಿರಲಿಲ್ಲ. ನನ್ನ ಮುಖ್ಯ ಆಕ್ಷೇಪ ಅಂಟಿನ ಮೇಲಲ್ಲ, ಈ ಅಂಕಪಟ್ಟಿಯ ಮೇಲೆ.

ಕೊಳವೆಗಳ ಮೇಲಿನ ಬರಹದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೀನಿನ ಚಿತ್ರ ದೊಡ್ಡದಾಗಿರುತ್ತದೆ. ಆ ಚಿತ್ರ ಯಾವ ಪರೀಕ್ಷೆಯನ್ನು, ಎಷ್ಟು ನೀರಿಗೆ ಎಷ್ಟು ಅಂಟನ್ನು, ಎಷ್ಟು ದಿನದ ಕಾಯುವಿಕೆಯನ್ನು ಸೂಚಿಸುತ್ತದೆ ಎಂದು ಹೇಳಿರುವುದು ಅಪರೂಪ. ಇರುವ ಸೂಚನೆಗಳೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಅದನ್ನು ಕೊಳ್ಳುವ ಒಂಬತ್ತನೆಯ ತರಗತಿಯ ಹುಡುಗಿ ಓದಬೇಕಾದದ್ದು ಮಾತ್ರ ಆ ಸಣ್ಣ ಅಕ್ಷರಗಳನ್ನೇ.

ತರಗತಿಯಲ್ಲಿ ಮಾಡಬಹುದಾದ ಪರೀಕ್ಷೆ

ಅಂಟನ್ನು ಪರೀಕ್ಷಿಸಲು ಮೀನನ್ನು ಬಲಿಕೊಡಬೇಕಾಗಿಲ್ಲ. ಜಲವಿಷತ್ವದ ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಡಾಫ್ನಿಯ ಎಂಬ ನೀರುಚಿಗಟವನ್ನು 48 ಗಂಟೆ ಗಮನಿಸುವ ಕ್ರಮವಿದೆ. ಮೀನಿಗೆ ಜೀವಂತ ಆಹಾರವಾಗಿ ಇದನ್ನು ಹವ್ಯಾಸಿಗಳು ಸಾಕುತ್ತಾರೆ. ಅದರ ಸರಳ ರೂಪ ಹೀಗಿದೆ.

ನಿಮ್ಮ ತೊಟ್ಟಿ 50 ಲೀಟರಿನದು, ಉಪಕರಣಕ್ಕೆ ಹಿಡಿಯುವ ಅಂಟು 20 ಗ್ರಾಂ ಎಂದುಕೊಳ್ಳಿ. ಅಂದರೆ ಲೀಟರಿಗೆ 0.4 ಗ್ರಾಂ. ಪರೀಕ್ಷೆಗೆ ಅದರ ಹತ್ತು ಪಟ್ಟು, ಲೀಟರಿಗೆ 4 ಗ್ರಾಂ ತೆಗೆದುಕೊಳ್ಳಿ. ಅಂಟನ್ನು ಉಪಕರಣದಲ್ಲಿರುವಷ್ಟೇ ದಪ್ಪವಾಗಿ ಗಾಜಿನ ಚೂರಿನ ಮೇಲೆ ಹಚ್ಚಿ, ನೀವು ಕಾಯಲಿರುವಷ್ಟೇ ದಿನ ಕಾಯಿರಿ. ಕ್ಲೋರಿನ್ ತೆಗೆದ ಒಂದೇ ನೀರನ್ನು ಎರಡು ಜಾಡಿಗಳಿಗೆ ತುಂಬಿ. ಒಂದರಲ್ಲಿ ಅಂಟಿನ ಚೂರು, ಇನ್ನೊಂದರಲ್ಲಿ ಬರಿಯ ಗಾಜಿನ ಚೂರು. ಏಳು ದಿನಗಳ ನಂತರ ಎರಡರ ಪಿಹೆಚ್ ಅಳೆಯಿರಿ, ಒಂದೊಂದಕ್ಕೂ 20 ಡಾಫ್ನಿಯ ಬಿಡಿ. 48 ಗಂಟೆಗಳ ಮೇಲೆ ಚಲಿಸದವನ್ನು ಎಣಿಸಿ. ಬರಿಯ ಗಾಜಿನ ಜಾಡಿಯಲ್ಲೇ ಹತ್ತನೇ ಒಂದಕ್ಕಿಂತ ಹೆಚ್ಚು ನಿಂತುಹೋಗಿದ್ದರೆ ಪರೀಕ್ಷೆ ರದ್ದು, ದೋಷ ನೀರಿನದು. ಅಲ್ಲಿ ಒಂದೂ ಸಾಯದೆ ಅಂಟಿನ ಜಾಡಿಯಲ್ಲಿ 5 ಸತ್ತಿದ್ದರೆ? ಅಂಟಿಗೂ ಸಾವಿಗೂ ಸಂಬಂಧವಿಲ್ಲದಿದ್ದಲ್ಲಿ ಐದೂ ಆಕಸ್ಮಿಕವಾಗಿ ಅದೇ ಜಾಡಿಯಲ್ಲಿ ಬೀಳುವ ಸಂಭಾವ್ಯತೆ ಸುಮಾರು 42ರಲ್ಲಿ 1. ಪಿಯುಸಿ ವಿದ್ಯಾರ್ಥಿಗಳು ಇದನ್ನು ಸಂಯೋಜನೆಗಳ ಲೆಕ್ಕದಿಂದ ತಾವೇ ಪಡೆಯಬಹುದು. ಈ ಪರೀಕ್ಷೆ ತಿಂಗಳುಗಳ ಪರಿಣಾಮವನ್ನು ತೋರಿಸದು. ಆದರೆ ಬೆರಳಿನಿಂದ ಮುಟ್ಟಿ ನೋಡುವುದಕ್ಕಿಂತ ಬಹಳ ಮೇಲು.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇಲ್ಲಿ ಅಂಟು ಬೇಕೇ? ಸ್ಪಂಜಿನ ಶೋಧಕಕ್ಕೆ ಪಿವಿಸಿ ಕೊಳವೆ ಮತ್ತು ಒತ್ತಿ ಕೂಡಿಸುವ ಬೆಂಡುಗಳು ಸಾಕು. ಪಾಚಿಗಿಡವನ್ನು ಕಲ್ಲಿಗೆ ನೈಲಾನ್ ದಾರದಿಂದ ಕಟ್ಟಬಹುದು. ಅಂಟು ಅನಿವಾರ್ಯವಾದ ಕಡೆ ಬೂಷ್ಟುನಾಶಕವಿಲ್ಲದ ಸಿಲಿಕೋನ್ ಆರಿಸಿ, ಕೂಡಿಕೆಯನ್ನು ಕಿರಿದಾಗಿಡಿ. ನೀರಾವಿ ಸಾಗಬೇಕಾದ ದೂರವನ್ನು ಮಿ.ಮೀ.ನಲ್ಲಿ ಅಳೆದು, 3ರಿಂದ ಭಾಗಿಸಿ, ವರ್ಗ ಮಾಡಿ. ಬಂದ ದಿನಗಳ ಎರಡರಷ್ಟು ಕಾಯಿರಿ. ನಂತರ ನೀರು ತುಂಬಿ ಒಂದು ವಾರ ಬಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರಿಗೆ ಮೀನು ಬಿಡಿ.

ಕೊನೆಯದಾಗಿ ಶಿಕ್ಷಕರಲ್ಲಿ ಮತ್ತು ಪ್ರದರ್ಶನಗಳ ತೀರ್ಪುಗಾರರಲ್ಲಿ ಒಂದು ಕೋರಿಕೆ. ಜೀವಿಯಿರುವ ಪ್ರತಿ ಮಾದರಿಯ ಮೇಲೂ ಒಂದು ಚೀಟಿ ಇರಲಿ. ಬಳಸಿದ ಅಂಟು, ಹಚ್ಚಿದ ದಿನ, ನೀರು ತುಂಬಿದ ದಿನ, ನಿಯಂತ್ರಣ ಜಾಡಿಯ ಫಲಿತಾಂಶ ಎಂಬ ನಾಲ್ಕು ಸಾಲು ಸಾಕು. ಈ ಚೀಟಿಗೆ ಹತ್ತರಲ್ಲಿ ಎರಡು ಅಂಕವಿಟ್ಟರೂ ಮುಂದಿನ ವರ್ಷದಿಂದ ಮಕ್ಕಳು ತಾವಾಗಿಯೇ ಎರಡನೆಯ ಜಾಡಿ ಇಡುತ್ತಾರೆ.